ಮೊದಲ ಪಿಕ್‌ನಲ್ಲೇ ಪಿಚ್ಚರ್: ಪೈರೇಟ್ಸ್ ಮಾಡಿದ್ದು ಸರಿಯೇ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 2025ರ ಸೀಸನ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚ್ಚರ್ (ಚೆಂಡೆಸೆಯುವವನು) ಪಾಲ್ ಸ್ಕೀನ್ಸ್ ಹೆಸರಿನ ಮುಂದೆ 10 ಗೆಲುವು, 10 ಸೋಲು. ಇಆರ್‌ಎ (ಪಿಚ್ಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ) 1.97. ಒಂಬತ್ತು ಇನ್ನಿಂಗ್ಸ್‌ಗೆ ಎರಡು ರನ್ ಕೂಡ ಬಿಟ್ಟುಕೊಡದವನ ಲೆಕ್ಕದಲ್ಲಿ ಹತ್ತು ಸೋಲು! ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸರ್ವಾನುಮತದಿಂದ ಅವನಿಗೇ ಬಂತು. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಪೈರೇಟ್ಸ್ ಮೊದಲ ಪಿಕ್ (ಆಯ್ಕೆ) ಆಗಿ ತೆಗೆದುಕೊಂಡದ್ದು ಅವನನ್ನೇ. ಆದರೂ ಒಂದು ವಾದ ನಿಲ್ಲುತ್ತಿಲ್ಲ: "ಐದು ದಿನಕ್ಕೊಮ್ಮೆ ಆಡುವವನನ್ನು ಕಟ್ಟಿಕೊಂಡು ಏನು ಮಾಡೋದು? 2023ರ ಡ್ರಾಫ್ಟ್‌ನಲ್ಲಿ ಪೈರೇಟ್ಸ್ ಬ್ಯಾಟರ್ ಡೈಲನ್ ಕ್ರೂಸ್‌ನನ್ನೇ ತಗೋಬೇಕಿತ್ತು."

ನಾನು ಇದನ್ನು ಒಪ್ಪಲ್ಲ. ಐಪಿಎಲ್ ಹರಾಜಿನ ಕಣ್ಣಿಂದ ಬೇಸ್‌ಬಾಲ್ ಡ್ರಾಫ್ಟ್ ನೋಡಿದರೆ ಎಡವುವುದು ಇಲ್ಲೇ. ಹರಾಜಿನಲ್ಲಿ ಮುಂದಿನ ತಿಂಗಳ ಪಂದ್ಯಕ್ಕೆ ಫಿನಿಶರ್ ಬೇಕು ಅಂತ ಫಿನಿಶರ್‌ನನ್ನು ಕೊಳ್ಳಬಹುದು. ಡ್ರಾಫ್ಟ್ ಆದ ಹುಡುಗ ಕೆಳಹಂತದ ಮೈನರ್ ಲೀಗ್‌ಗಳನ್ನು ದಾಟಿ ಮೇಲೆ ಬರಲು ಕಾಲೇಜಿನವನಾದರೆ ಒಂದೆರಡು ವರ್ಷ, ಹೈಸ್ಕೂಲಿನವನಾದರೆ ಮೂರ್ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ತಂಡದ ಕೊರತೆಯೇ ಬೇರೆ ಆಗಿರುತ್ತದೆ. ಹಾಗಾಗಿ ಯಾವ ಜಾಗ ಖಾಲಿ ಇದೆ ಎಂಬ ಪ್ರಶ್ನೆಯನ್ನು ಡ್ರಾಫ್ಟ್ ಕೋಣೆಯೊಳಗೆ ಬಿಟ್ಟುಕೊಳ್ಳಲೇಬಾರದು.

ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದುಡ್ಡಿನದು. 2012ರಿಂದ ಪ್ರತಿ ತಂಡಕ್ಕೂ ಬೋನಸ್ ಪೂಲ್ ಇದೆ, ಅಂದರೆ ಆರಿಸಿದವರಿಗೆ ಸಹಿ ಹಾಕಿಸಲು ಕೊಡುವ ಹಣಕ್ಕೆ ಮಿತಿ. ಮೊದಲ ಹತ್ತು ಸುತ್ತಿನ ಪ್ರತಿ ಪಿಕ್‌ಗೂ ಲೀಗ್ ಒಂದು ಸ್ಲಾಟ್ ಮೌಲ್ಯ ಕಟ್ಟುತ್ತದೆ, ಅವೆಲ್ಲ ಸೇರಿದರೆ ಪೂಲ್. ಅದನ್ನು ಶೇ. 5ರೊಳಗೆ ಮೀರಿದರೆ ಮೀರಿದ ಹಣದ ಮೇಲೆ ಶೇ. 75 ತೆರಿಗೆ. ಶೇ. 5 ದಾಟಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ಕೇ ಹೋಗುತ್ತದೆ. ಒಬ್ಬನಿಗೆ ಸ್ಲಾಟ್‌ಗಿಂತ ಕಮ್ಮಿ ಕೊಟ್ಟು ಉಳಿಸಿದ್ದನ್ನು ಇನ್ನೊಬ್ಬನ ಮೇಲೆ ಸುರಿಯಬಹುದು. ಆದರೆ ಪಿಕ್ ಮಾಡಿದವನು ಸಹಿ ಹಾಕದೇ ಹೋದರೆ ಅವನ ಸ್ಲಾಟ್ ಹಣವೂ ಪೂಲ್‌ನಿಂದ ಮಾಯ.

ಹ್ಯೂಸ್ಟನ್ ಆಸ್ಟ್ರೋಸ್ 2012ರಲ್ಲಿ ಇದನ್ನು ಚೆನ್ನಾಗಿ ಬಳಸಿಕೊಂಡಿತು. ಮೊದಲ ಪಿಕ್ ಕಾರ್ಲೋಸ್ ಕೊರೆಯಾಗೆ 72 ಲಕ್ಷ ಡಾಲರ್ ಸ್ಲಾಟ್ ಇದ್ದಾಗ 48 ಲಕ್ಷಕ್ಕೆ ಒಪ್ಪಿಸಿ, ಉಳಿದದ್ದರಲ್ಲಿ 41ನೇ ಪಿಕ್ ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಟ್ಟಿತು. ಪೈರೇಟ್ಸ್ ಕೂಡ 2021ರಲ್ಲಿ ಮೊದಲ ಪಿಕ್ ಹೆನ್ರಿ ಡೇವಿಸ್‌ಗೆ 65 ಲಕ್ಷ ಕೊಟ್ಟಿತು, ಸ್ಲಾಟ್ 84 ಲಕ್ಷ ದಾಟಿತ್ತು. ಉಳಿದ ಹಣದ ಬಲದಿಂದಲೇ ಮೂರನೇ ಸುತ್ತಿನಲ್ಲಿ ಬಬಾ ಚಾಂಡ್ಲರ್ 30 ಲಕ್ಷಕ್ಕೆ ಸಿಕ್ಕಿದ. ಡೇವಿಸ್ ಬ್ಯಾಟಿಂಗ್ ಕೈಕೊಟ್ಟಿತು, ಚಾಂಡ್ಲರ್ ಈಗ ಸ್ಕೀನ್ಸ್ ಜತೆ ಪಿಚ್ಚರ್‌ಗಳ ಅದೇ ರೊಟೇಷನ್‌ನಲ್ಲಿದ್ದಾನೆ (ಸರದಿಯಂತೆ ಪಂದ್ಯ ಆರಂಭಿಸುವವರ ಗುಂಪು). ಹಾಗಾಗಿ ಮೊದಲ ಪಿಕ್ ಒಂದನ್ನೇ ಇಟ್ಟುಕೊಂಡು ಒಂದು ಡ್ರಾಫ್ಟ್ ಅಳೆಯಲಾಗದು.

2023ರಲ್ಲಿ ಮೇಲಿನ ಐವರೂ ಬಲವಾಗಿದ್ದರು. ಎಲ್‌ಎಸ್‌ಯು ಕಾಲೇಜಿನ ಸ್ಕೀನ್ಸ್ ಮತ್ತು ಕ್ರೂಸ್, ಫ್ಲಾರಿಡಾದ ವಯಾಟ್ ಲ್ಯಾಂಗ್‌ಫರ್ಡ್, ಹೈಸ್ಕೂಲಿನಿಂದ ಮ್ಯಾಕ್ಸ್ ಕ್ಲಾರ್ಕ್ ಮತ್ತು ವಾಕರ್ ಜೆಂಕಿನ್ಸ್. ಹೈಸ್ಕೂಲ್ ಹುಡುಗರಿಗೆ ಕಾಲೇಜು ಸೀಟು ಕಾಯುತ್ತಿರುತ್ತದೆ, ಆ ಬಲದಿಂದ ಚೌಕಾಸಿ ಮಾಡುತ್ತಾರೆ. ಆದರೂ ಹಣ ಉಳಿಸಬೇಕೆಂದರೆ ಕ್ಲಾರ್ಕ್ ದಾರಿ ಇತ್ತು. ಮೂರನೇ ಪಿಕ್‌ನಲ್ಲಿ ಡೆಟ್ರಾಯಿಟ್‌ಗೆ ಅವನು 77 ಲಕ್ಷಕ್ಕೆ ಸಿಕ್ಕಿದ.

ಕ್ರೂಸ್ ಪರವಾದ ವಾದ ಗಟ್ಟಿಯಾಗೇ ಇತ್ತು. .426 ಸರಾಸರಿ, 18 ಹೋಮ್ ರನ್, ಸ್ಟ್ರೈಕ್‌ಔಟ್‌ಗಿಂತ (ಮೂರು ಸ್ಟ್ರೈಕ್‌ಗೆ ಔಟಾಗುವುದು) ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಹೆಚ್ಚು, ಮೇಲೆ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ. ಆದರೆ ಕಾಲೇಜಿನಲ್ಲಿ ಆಡುವುದು ಲೋಹದ ಬ್ಯಾಟ್‌ನಲ್ಲಿ. ಸರಾಸರಿಗಿಂತ ಮೊದಲು ನೋಡಬೇಕಾದ್ದು ಚೆಂಡು ಬ್ಯಾಟ್ ಬಿಟ್ಟು ಹೋಗುವ ಕೋನ. ಎಷ್ಟೇ ಜೋರಾಗಿ ಹೊಡೆದರೂ ಚೆಂಡು ನೆಲಕ್ಕೆ ಬಿದ್ದು ಉರುಳಿದರೆ ಮೇಜರ್ ಲೀಗ್ ಇನ್‌ಫೀಲ್ಡರ್‌ಗಳು ಎತ್ತಿ ಔಟ್ ಮಾಡುತ್ತಾರೆ. ಕ್ರೂಸ್‌ಗೆ ಆ ಚಾಳಿ ಇತ್ತು. ಲ್ಯಾಂಗ್‌ಫರ್ಡ್ ಚೆಂಡನ್ನು ಎತ್ತಿ ಹೊಡೆಯುತ್ತಿದ್ದ. ಬ್ಯಾಟರೇ ಬೇಕಿದ್ದರೆ ನನ್ನ ಆಯ್ಕೆ ಲ್ಯಾಂಗ್‌ಫರ್ಡ್, ಕ್ರೂಸ್ ಅಲ್ಲ. ಎರಡನೇ ಪಿಕ್‌ನಲ್ಲಿ ವಾಷಿಂಗ್ಟನ್‌ಗೆ ಹೋದ ಕ್ರೂಸ್ 2025ರ ಕೊನೆಯವರೆಗೂ ಮೇಜರ್ ಲೀಗ್‌ನಲ್ಲಿ ಬೇರೂರಿರಲಿಲ್ಲ.

ಪಿಚ್ಚರ್ ಅಂದಾಗ ಭಯ ಸಹಜ, ಇತಿಹಾಸವೂ ಹೆದರಿಸುತ್ತದೆ. 2013ರಲ್ಲಿ ಆಸ್ಟ್ರೋಸ್ ಪಿಚ್ಚರ್ ಮಾರ್ಕ್ ಆಪೆಲ್‌ನನ್ನು ಮೊದಲು ತೆಗೆದುಕೊಂಡಿತು, ಎರಡನೆಯವನಾಗಿ ಬ್ಯಾಟರ್ ಕ್ರಿಸ್ ಬ್ರಯಂಟ್ ಷಿಕಾಗೊ ಕಬ್ಸ್‌ಗೆ ಹೋದ. ಆಪೆಲ್ ಮೇಜರ್ ಲೀಗ್ ಕಂಡದ್ದು 2022ರಲ್ಲಿ, ಅದೂ ಬೇರೆ ತಂಡದಲ್ಲಿ. ಮೊಣಕೈ ಒಳಬದಿಯ ಯುಸಿಎಲ್ ಲಿಗಮೆಂಟ್ ಹರಿದರೆ ಟಾಮಿ ಜಾನ್ ಸರ್ಜರಿ, ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. ಮರಳಲು ಒಂದು ವರ್ಷ, ಒಂದೂವರೆ ವರ್ಷ. ಆದ್ದರಿಂದಲೇ ಎಂಆರ್‌ಐ ಅಷ್ಟು ಮುಖ್ಯ. ತಾಯಿಯ ಕಡೆಯಿಂದ ಭಾರತೀಯ ಮೂಲದ ಪಿಚ್ಚರ್ ಕುಮಾರ್ ರಾಕರ್‌ನನ್ನು 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹತ್ತನೇ ಪಿಕ್ ಮಾಡಿ, ವೈದ್ಯಕೀಯ ವರದಿ ನೋಡಿ ಸಹಿ ಹಾಕಿಸದೇ ಬಿಟ್ಟಿತು. ಮರುವರ್ಷ ಟೆಕ್ಸಸ್ ರೇಂಜರ್ಸ್ ಅವನನ್ನೇ ಮೂರನೆಯವನಾಗಿ ಆರಿಸಿತು, 2023ರಲ್ಲಿ ಟಾಮಿ ಜಾನ್ ಬಂದೇಬಿಟ್ಟಿತು.

ಹಾಗಾಗಿ ಸಾಮಾನ್ಯವಾಗಿ ಮೊದಲ ಪಿಕ್‌ಗೆ ಬ್ಯಾಟರೇ ಸರಿ ಅನ್ನುವವರ ಜತೆ ನಾನೂ ಇದ್ದೇನೆ. ಸ್ಕೀನ್ಸ್ ವಿಷಯದಲ್ಲಿ ಮಾತ್ರ ಆ ನಿಯಮ ಬದಿಗಿಡಲು ಸಾಕಷ್ಟು ಕಾರಣ ಇತ್ತು. 2023ರ ಕಾಲೇಜು ಸೀಸನ್‌ನಲ್ಲಿ ಅವನದು 209 ಸ್ಟ್ರೈಕ್‌ಔಟ್, ವಾಕ್ ಕೇವಲ 20. ವೇಗ ಇದ್ದವರು ಸಾಕಷ್ಟು ಸಿಗುತ್ತಾರೆ, ಆ ವೇಗದಲ್ಲಿ ಇಷ್ಟು ಹಿಡಿತ ಇರುವವರು ಸಿಗುವುದಿಲ್ಲ. ಫಾಸ್ಟ್‌ಬಾಲ್ ಸರಾಸರಿ 98 ಮೈಲಿ, ಅಂದರೆ ಗಂಟೆಗೆ ಸುಮಾರು 158 ಕಿ.ಮೀ. ಏರ್ ಫೋರ್ಸ್ ಅಕಾಡೆಮಿಯಲ್ಲಿದ್ದಾಗ ಕ್ಯಾಚರ್ ಆಗಿಯೂ ಆಡುತ್ತಿದ್ದ. ಪಿಚ್ಚಿಂಗ್ ಒಂದನ್ನೇ ಹಿಡಿದದ್ದು ಎಲ್‌ಎಸ್‌ಯುಗೆ ಬಂದ ಮೇಲೆ, ಅಂದರೆ ಇನ್ನೂ ಬೆಳೆಯುವ ಜಾಗ ಇತ್ತು. ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ವೇಕ್ ಫಾರೆಸ್ಟ್ ಎದುರು 8 ಇನ್ನಿಂಗ್ಸ್ ಎಸೆದು ಕೊಟ್ಟದ್ದು 2 ಹಿಟ್, ಒಂದೂ ರನ್ ಇಲ್ಲ.

ನ್ಯಾಯವಾದ ಸಂದೇಹವೂ ಒಂದಿತ್ತು. ಅವನ ಫಾಸ್ಟ್‌ಬಾಲ್‌ಗೆ ವೇಗ ಇದ್ದಷ್ಟು ರೈಡ್ ಇರಲಿಲ್ಲ. ರೈಡ್ ಚೆನ್ನಾಗಿದ್ದರೆ ಬ್ಯಾಟರ್ ಅಂದಾಜಿಗಿಂತ ಚೆಂಡು ಕಮ್ಮಿ ಇಳಿಯುತ್ತದೆ, ಬ್ಯಾಟ್ ಅದರ ಕೆಳಗೆ ಬೀಸಿ ಹೋಗುತ್ತದೆ. ರೈಡ್ ಇಲ್ಲದ ಚೆಂಡು ನಿರೀಕ್ಷಿಸಿದ ಜಾಗಕ್ಕೇ ಬರುತ್ತದೆ, ಮೇಲಿನ ಹಂತದಲ್ಲಿ ಏಟು ಬೀಳುತ್ತದೆ. ಇದನ್ನು ಸ್ಕೀನ್ಸ್ ದಾಟಿದ್ದು ಸ್ಪ್ಲಿಂಕರ್‌ನಿಂದ. ಕೆಳಕ್ಕಿಳಿಯುವ ಎಸೆತಗಳಾದ ಸಿಂಕರ್‌ಗೂ ಸ್ಪ್ಲಿಟರ್‌ಗೂ ನಡುವಿನ ಈ ಎಸೆತ 150 ಕಿ.ಮೀ. ದಾಟಿದ ವೇಗದಲ್ಲೇ ಕೊನೇ ಕ್ಷಣದಲ್ಲಿ ಕುಸಿಯುತ್ತದೆ. ಫಾಸ್ಟ್‌ಬಾಲ್ ಅಂತ ಬ್ಯಾಟ್ ಬೀಸುವ ಹೊತ್ತಿಗೆ ಚೆಂಡು ಮಂಡಿಯ ಕೆಳಗಿರುತ್ತದೆ.

ದುಡ್ಡಿನ ಲೆಕ್ಕವೂ ಕೈಕೊಡಲಿಲ್ಲ. ಸ್ಲಾಟ್ 97.21 ಲಕ್ಷ, ಸಹಿ ಆದದ್ದು 92 ಲಕ್ಷಕ್ಕೆ. ಅಂದಿನ ಮಟ್ಟಿಗೆ ಅದು ದಾಖಲೆ ಬೋನಸ್, ಆದರೂ 5.21 ಲಕ್ಷ ಡಾಲರ್ ಉಳಿಯಿತು.

ಈಗ ಆ 10 ಸೋಲಿಗೆ ಬನ್ನಿ. ರನ್ ಗಳಿಕೆಯಲ್ಲಿ ಪೈರೇಟ್ಸ್ ಇಡೀ ಲೀಗ್‌ನ ತಳದಲ್ಲಿತ್ತು. ಅದು ಟ್ರೇಡ್‌ನಲ್ಲಿ, ಫ್ರೀ ಏಜೆಂಟ್ (ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರ) ಮಾರುಕಟ್ಟೆಯಲ್ಲಿ ಕೈ ಬಿಗಿಹಿಡಿದದ್ದರ ಫಲ. ಅದರ ಹೊಣೆಯನ್ನು 2023ರ ಪಿಕ್ ಮೇಲೆ ಹೊರಿಸುವುದು ಅನ್ಯಾಯ. 2024ರಲ್ಲಿ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸಬ) ಆದ್ದರಿಂದ ಸ್ಕೀನ್ಸ್‌ಗೆ ಆ ವರ್ಷದ ಪೂರ್ತಿ ಸರ್ವೀಸ್ ಟೈಮ್ (ಫ್ರೀ ಏಜೆಂಟ್ ಆಗಲು ಲೆಕ್ಕವಾಗುವ ಸೇವಾವಧಿ) ಸಿಕ್ಕಿದೆ. ಹೊಸ ಒಪ್ಪಂದ ಆಗದಿದ್ದರೆ 2029ರ ಸೀಸನ್ ಮುಗಿದ ಮೇಲೆ ಅವನು ಫ್ರೀ ಏಜೆಂಟ್. ಪೈರೇಟ್ಸ್ ಬ್ಯಾಟ್‌ಗಳನ್ನು ಕೊಂಡು ತರಬೇಕಾದದ್ದು ಅಷ್ಟರೊಳಗೆ.