ಪಾಲಿಕೆ ಕೃಪಾಪೋಷಿತ ಉಳಿತಾಯ ಯೋಜನೆ

ಕೋಳಿ, ಮಟನ್, ಮೀನಿಗೆಂದು ತಿಂಗಳು ತಿಂಗಳು ಸುರಿಯುವ ದುಡ್ಡು ಉಳಿಸಬೇಕೆಂದಿದ್ದರೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಮನೆ ಮಾಡಿ. ಬೇರೆ ಊರಲ್ಲಾದರೆ ಉಳಿತಾಯಕ್ಕೆ ನೀವೇ ಒದ್ದಾಡಬೇಕು. ಇಲ್ಲಿ ಆ ಹೊರೆಯನ್ನು ಮಹಾನಗರ ಪಾಲಿಕೆಯೇ ಹೊತ್ತುಕೊಂಡಿದೆ.

2025ರ ಆಗಸ್ಟ್‌ನಲ್ಲಿ ಕಲ್ಯಾಣ-ಡೊಂಬಿವಲಿ ಪಾಲಿಕೆ ಆದೇಶ ಹೊರಡಿಸಿತು. 14ರ ಮಧ್ಯರಾತ್ರಿಯಿಂದ 15ರ ಮಧ್ಯರಾತ್ರಿಯವರೆಗೆ ಆಡು, ಕುರಿ, ಕೋಳಿ ಕಡಿಯುವ ಅಂಗಡಿಗಳೆಲ್ಲ ಬಂದ್. ಕಾರಣ ಸ್ವಾತಂತ್ರ್ಯ ದಿನ, ಆಧಾರ 1988ರ ಒಂದು ಠರಾವು. ನಾಗ್ಪುರ, ಮಾಲೇಗಾಂವ್ ಪಾಲಿಕೆಗಳೂ ಹಿಂದೆ ಬೀಳಲಿಲ್ಲ. ಗಲಾಟೆ ಎದ್ದಿತು. ಸರಕಾರದೊಳಗೇ ಇದ್ದ ಉಪಮುಖ್ಯಮಂತ್ರಿಯೊಬ್ಬರಿಗೂ ಇದು ಗಂಟಲಲ್ಲಿ ಇಳಿಯಲಿಲ್ಲ. ಆಗ ಪಾಲಿಕೆಯವರು ಸಮಾಧಾನ ಹೇಳಿದರು: ತಿನ್ನಲು ಅಡ್ಡಿಯಿಲ್ಲ, ಮಾರಲು ಮಾತ್ರ ಅಡ್ಡಿ.

ಇದಕ್ಕಿಂತ ದೊಡ್ಡ ರಿಯಾಯಿತಿ ಯಾವ ಸೂಪರ್ ಮಾರ್ಕೆಟ್ ಕೊಟ್ಟೀತು? ಒಂದು ಕೊಂಡರೆ ಒಂದು ಉಚಿತ ಎನ್ನುತ್ತಾರೆ ಅವರು. ಕೊಳ್ಳುವುದೇ ಬೇಡ, ಪೂರ್ತಿ ಉಳಿತಾಯ ಎನ್ನುತ್ತದೆ ಪಾಲಿಕೆ. ಬ್ರಿಟಿಷರು ಹೋದದ್ದೂ ಮಧ್ಯರಾತ್ರಿ, ಕೋಳಿ ಅಂಗಡಿ ಮುಚ್ಚಿದ್ದೂ ಮಧ್ಯರಾತ್ರಿ. ಹೀಗೆ ಕೋಳಿಗಳಿಗೂ ಇಪ್ಪತ್ತನಾಲ್ಕು ತಾಸಿನ ಸ್ವಾತಂತ್ರ್ಯ ಪ್ರಾಪ್ತವಾಯಿತು, ಗೂಡಿನೊಳಗೇ.

ಅದು ಶ್ರಾವಣದ ಶುಕ್ರವಾರ ಎಂಬುದನ್ನು ಮರೆಯಬೇಡಿ. ಅರ್ಧ ಡೊಂಬಿವಲಿ ಆಗಲೇ ಮೂರು ವಾರದಿಂದ ಮಾಂಸ ಬಿಟ್ಟು ಸಾಬುದಾನಿ ಖಿಚಡಿಯಲ್ಲಿತ್ತು. ಬೋಳು ತಲೆಯವನಿಗೆ ಬಾಚಣಿಗೆ ನಿಷೇಧಿಸಿದ ಹಾಗೆ.

ಉಳಿತಾಯದ ಲೆಕ್ಕ ನೋಡಬೇಕಾದರೆ ಇಂಥ ಬಂದ್‌ನ ಹಿಂದಿನ ಸಂಜೆ ಕೋಳಿ ಅಂಗಡಿಯ ಮುಂದೆ ನಿಲ್ಲಬೇಕು. ಮೇಲೆ ತೂಗುಹಾಕಿದ ಕರಿಹಲಗೆ. ಬೆಳಿಗ್ಗೆ ಬರೆದ ದರವನ್ನು ಹುಡುಗ ಒದ್ದೆ ಹೆಬ್ಬೆರಳಿನಿಂದ ಉಜ್ಜಿ, ಅದೇ ಜಾಗದಲ್ಲಿ ಹೊಸ ದರ ಗೀಚುತ್ತಾನೆ. ಹಳೆಯ ಅಂಕಿಯ ಬಾಲ ಇನ್ನೂ ಕಾಣುತ್ತಿರುತ್ತದೆ, ಯಾರೂ ಚಕಾರ ಎತ್ತುವುದಿಲ್ಲ. "ನಾಳೆ ಬಂದ್ ಅಂತೆ ಮಾರಾಯ್ರೆ" ಎಂಬ ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟುವಷ್ಟರಲ್ಲಿ ಒಂದು ಕೆಜಿಯವರು ಎರಡು ಕೆಜಿಯವರಾಗಿರುತ್ತಾರೆ. ನಾಳೆ ತಿನ್ನುವ ಉದ್ದೇಶವೇ ಇಲ್ಲದವರೂ ಚೀಲ ಚಾಚುತ್ತಾರೆ. ಸಿಗುವುದಿಲ್ಲ ಎಂದ ಮೇಲೆ ಬೇಕಾಗದೆ ಇರುತ್ತದೆಯೇ? ಫ್ರೀಜರ್ ಬಾಗಿಲು ಮುಚ್ಚಲು ಮೊಣಕಾಲು ಕೊಟ್ಟು ತಳ್ಳಬೇಕಾಗುತ್ತದೆ. ಪಾಲಿಕೆ ಉಳಿಸಿಕೊಟ್ಟ ಒಂದು ದಿನದ ದುಡ್ಡು ಹಿಂದಿನ ದಿನವೇ ದುಪ್ಪಟ್ಟಾಗಿ ಖರ್ಚಾಗಿರುತ್ತದೆ.

ಈ ಗುಟ್ಟು ಆ್ಯಪ್‌ನವರಿಗೆ ಪಾಲಿಕೆಗಿಂತ ಚೆನ್ನಾಗಿ ಗೊತ್ತು. "ಇನ್ನು ಎರಡೇ ಪ್ಯಾಕೆಟ್ ಬಾಕಿ" ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತಾರೆ. ಡೆಲಿವರಿ ಶುಲ್ಕ ಉಳಿಸಲು ಇನ್ನೂ ನೂರೈವತ್ತರ ಮಾಲು ಹಾಕಿ ಎನ್ನುತ್ತಾರೆ. ಮೂವತ್ತು ರೂಪಾಯಿ ಉಳಿಸಲು ನಾವು ಮಸಾಲೆ ಹಚ್ಚಿಟ್ಟ ಕಬಾಬ್ ಒಂದನ್ನು ಬುಟ್ಟಿಗೆ ಹಾಕಿ, ಗೆದ್ದೆವೆಂದು ಬೀಗುತ್ತೇವೆ. ಬಂಗುಡೆಯ ದರದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ತೂಕ ಇರುತ್ತವೆ: ಇಡೀ ಮೀನಿನದ್ದೊಂದು, ತಲೆ-ಕರುಳು ತೆಗೆದ ಮೇಲಿನದ್ದೊಂದು. ದುಡ್ಡು ಮೊದಲನೆಯದಕ್ಕೆ, ಊಟ ಎರಡನೆಯದರಲ್ಲಿ. ತಲೆ ಎಲ್ಲಿ ಎಂದು ಕೇಳುವ ಹಾಗಿಲ್ಲ. ತಲೆಯಿಲ್ಲದೆ ಮೀನು ಸಾರು ಮಾಡುವವರನ್ನು ಏನೆನ್ನೋಣ, ಇರಲಿ.

ನಿಜವಾಗಿ ಕಾಸು ಉಳಿಯುವುದು ಸ್ಟೇಷನ್ ಬದಿಯ ಮೀನು ಮಾರ್ಕೆಟ್ಟಿನಲ್ಲಿ, ಕೋಳಿ ಹೆಂಗಸರ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ. (ಇಲ್ಲಿ ಕೋಳಿ ಎಂದರೆ ಮುಂಬಯಿಯ ಬೆಸ್ತರು, ಪಾಲಿಕೆ ಗಾಬರಿಯಾಗಬಾರದು.) ಸುರ್ಮಯಿ ಅಂದರೆ ನಮ್ಮ ಕರಾವಳಿಯ ಅಂಜಲ್, ಪಾಪ್ಲೇಟ್ ಅಂದರೆ ಮಾಂಜಿ, ಇವೆರಡರ ಕಡೆ ಕಣ್ಣೆತ್ತಿಯೂ ನೋಡಬಾರದು. ತಾರ್ಲಿ ಅಂದರೆ ಬೂತಾಯಿ, ಅದರ ವಾಟಾ, ಅಂದರೆ ಗುಪ್ಪೆಯ ದರ, ಕೇಳಬೇಕು. ಕಿವಿರು ಎತ್ತಿ ನೋಡಿ ಮುಖ ಹುಳ್ಳಗೆ ಮಾಡಿ ಎದ್ದು ನಿಂತರೆ "ಭಾಭಿ, ಘ್ಯಾ ನಾ" (ತಗೊಳ್ಳಿ ಅತ್ತಿಗೆ) ಎಂದು ಗುಪ್ಪೆಗೆ ಇನ್ನೆರಡು ಮೀನು ಬೀಳುತ್ತವೆ. ಕೋಳಿಯೂ ಅಷ್ಟೆ, ಈಗ ಹಕ್ಕಿಯ ಮಾತು. ಒಂದೂವರೆ ಕೆಜಿಯ ಜೀವಂತ ಕೋಳಿ ಕಡಿಸಿದರೆ ಕೈಗೆ ಬರುವುದು ಸುಮಾರು ಒಂದು ಕೆಜಿ. ಬೋನ್‌ಲೆಸ್ ಬೇಕೆಂದರೆ ಮೂಳೆಗೂ ದುಡ್ಡು, ಮೂಳೆ ತೆಗೆದದ್ದಕ್ಕೂ ದುಡ್ಡು. ಕಲೇಜಿ-ಪೋಟಾ, ಅಂದರೆ ಪಿತ್ತಜನಕಾಂಗ ಮತ್ತು ಜಠರದ ತುಂಡು, ಗದರಿಸಿ ಹಾಕಿಸಿಕೊಳ್ಳಬೇಕು.

ಆದರೆ ಇಂಥ ಕಸುಬುದಾರಿಕೆಗೆ ವರ್ಷದಲ್ಲಿ ಎಷ್ಟು ದಿನ ಸಿಗುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಅದು ಮೀನು ಮರಿ ಮಾಡುವ ಕಾಲ, ಅದಕ್ಕೆ ತಕರಾರಿಲ್ಲ. ಆಷಾಢ ಅಮಾವಾಸ್ಯೆಗೆ ಗಟಾರಿ, ಶ್ರಾವಣಕ್ಕೆ ಮುಂಚಿನ ಕೊನೆಯ ಬಾಡೂಟದ ದಿನ. ಅದೇ ಅಮಾವಾಸ್ಯೆಗೆ ನಮ್ಮ ಊರಲ್ಲಿ ನಸುಕಿನಲ್ಲೆದ್ದು ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತಾರೆ. ಇಲ್ಲಿ ಜನ ಒಂದು ತಿಂಗಳ ಮಟನ್ ಒಂದೇ ದಿನ ತಿಂದು ಮುಗಿಸುತ್ತಾರೆ. ಮರುದಿನದಿಂದ ಶ್ರಾವಣ. ಮಿಕ್ಕ ದಿನಗಳಲ್ಲಿ ಸೋಮವಾರದ ವ್ರತ ಯಜಮಾನರದ್ದು, ಗುರುವಾರದ್ದು ಅತ್ತೆಯದ್ದು, ಶನಿವಾರ ಎಲ್ಲರದ್ದು, ನಡುವೆ ಸಂಕಷ್ಟಿ. ಉಳಿದದ್ದರ ಮೇಲೆ ಪಾಲಿಕೆಗೆ ಕಣ್ಣು.

ಹಳೆಯ ಕಣ್ಣೇ ಅದು. 2015ರಲ್ಲಿ ಜೈನರ ಪರ್ಯೂಷಣ ಹಬ್ಬಕ್ಕೆಂದು ಮೀರಾ-ಭಾಯಂದರ್ ಪಾಲಿಕೆ ಎಂಟು ದಿನದ ನಿಷೇಧಕ್ಕೆ ಹೊರಟಿತ್ತು, ಮುಂಬಯಿಯಲ್ಲಿ ನಾಲ್ಕು ದಿನ. ಮೀನಿಗೆ ಮಾತ್ರ ವಿನಾಯಿತಿ. ಯಾಕೆಂದು ಹೈಕೋರ್ಟ್ ಕೇಳಿದಾಗ ಸರಕಾರದ ವಕೀಲರು ಕೊಟ್ಟ ಉತ್ತರ: ಮೀನು ನೀರಿನಿಂದ ತೆಗೆದ ಕೂಡಲೇ ಸಾಯುತ್ತದೆ, ಅದನ್ನು ಕಡಿದು ಕೊಲ್ಲುವ ಪ್ರಶ್ನೆಯೇ ಬರುವುದಿಲ್ಲ. ಅಂದರೆ ಬಂಗುಡೆಯದ್ದು ಸಹಜ ಸಾವು. ಬಲೆ ಬೀಸಿದವನು ಬರೀ ಪ್ರತ್ಯಕ್ಷ ಸಾಕ್ಷಿ.

ಇಷ್ಟಾದರೂ ಉಳಿತಾಯ ಬೇಡ, ಆಗಸ್ಟ್ 15ಕ್ಕೆ ಕೋರಿ-ರೊಟ್ಟಿಯೇ ಆಗಬೇಕು ಎನ್ನುವ ಹಠಮಾರಿಗಳಿಗೂ ದಾರಿಯಿದೆ. ಸ್ಲೋ ಲೋಕಲ್ ಹಿಡಿದು, ಕೋಪರ್ ದಾಟಿ, ದಿವಾದಲ್ಲಿ ಇಳಿಯಿರಿ. ಟಿಕೆಟ್ ಐದು ರೂಪಾಯಿ. ಅದು ಠಾಣೆ ಪಾಲಿಕೆಯ ಸರಹದ್ದು. ನಮ್ಮ ಪಾಲಿಕೆಯ ದೇಶಭಕ್ತಿ ಅಲ್ಲಿಗೆ ಮುಟ್ಟುವುದಿಲ್ಲ. ವಾಪಸು ಬಂದ ಮೇಲೆ ನಿಮ್ಮ ಚೀಲದಲ್ಲಿರುವುದು ತಿನ್ನುವ ಕೋಳಿ, ಮಾರುವ ಕೋಳಿಯಲ್ಲ. ಆದೇಶ ನಿಮ್ಮ ಪರವಾಗಿದೆ. ಮೇಲೆ ಎರಡು ಕಟ್ಟು ಹರಿವೆ ಸೊಪ್ಪು ಇಟ್ಟುಕೊಂಡರೆ ಸೊಸೈಟಿಯ ಸೆಕ್ರೆಟರಿಯೂ ನಿಮ್ಮ ಪರ.