ಆನೆಗೂ ಒಂದು ನಿಯಮ ಪುಸ್ತಕ ಬೇಕು

ಗಾಲ್ಫ್ ಮೈದಾನದಲ್ಲಿ ಕಾಡುಪ್ರಾಣಿ ಕಾಣಿಸಿಕೊಂಡ ವಿಡಿಯೊ ಆಗಾಗ ನಮ್ಮೆಲ್ಲರ ಮೊಬೈಲಿಗೆ ಬಂದು ಬೀಳುತ್ತದೆ. ಫ್ಲೋರಿಡಾದ ಹುಲ್ಲಿನ ಮೇಲೆ ಮೊಸಳೆಯೊಂದು ಯಾರ ಹಂಗೂ ಇಲ್ಲದೆ ಅಡ್ಡ ನಡೆಯುತ್ತದೆ, ಕೆನಡಾದ ಕರಡಿಮರಿಯೊಂದು ಬಾವುಟದ ಕೋಲನ್ನು ತಬ್ಬಿಕೊಂಡು ಕುಣಿಯುತ್ತದೆ. ನಮ್ಮ ಟಿ.ವಿ. ನಿರೂಪಕರು ಹಿನ್ನೆಲೆಗೆ ಡೋಲು ಬಾರಿಸಿ, ಆಟಗಾರರು ಸಾವಿನ ದವಡೆಯಿಂದ ಪಾರಾದ ಬಗೆಯನ್ನು ಅದೇ ಹದಿನೈದು ಸೆಕೆಂಡಿನ ತುಣುಕನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಾ ಅರ್ಧ ಗಂಟೆ ವಿವರಿಸುತ್ತಾರೆ. ಇಂಥದ್ದನ್ನು ನೋಡಿದಾಗಲೆಲ್ಲ ನನಗೆ ಅಸ್ಸಾಮಿನ ನುಮಾಲಿಗಢದ ಗೋಡೆ ನೆನಪಾಗುತ್ತದೆ. ಆ ಗೋಡೆಗೆ ಆನೆಗಳು ಹಣೆಯೊಡ್ಡಿ ನಿಂತ ವಿಡಿಯೊವನ್ನೂ ನಾವು ನೋಡಿದ್ದೇವೆ, ಅಯ್ಯೋ ಎಂದಿದ್ದೇವೆ, ಮುಂದಿನ ವಿಡಿಯೊಗೆ ಬೆರಳು ಸರಿಸಿದ್ದೇವೆ.

ಮೊದಲು ಗಾಲ್ಫ್ ಆಟದ ದೂರದೃಷ್ಟಿಯನ್ನು ಹೊಗಳಲೇಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಆಂಡ್ ಎ ಸಂಸ್ಥೆಯೂ ಅಮೆರಿಕದ ಗಾಲ್ಫ್ ಸಂಘವೂ ಸೇರಿ ರೂಪಿಸಿದ ನಿಯಮ ಪುಸ್ತಕದಲ್ಲಿ 16.2 ಎಂಬ ನಿಯಮವೊಂದಿದೆ. ನಿಮ್ಮ ಚೆಂಡಿನ ಬಳಿ ವಿಷದ ಹಾವು, ಕುಟುಕುವ ಜೇನ್ನೊಣ, ಮೊಸಳೆ, ಬೆಂಕಿಯಿರುವೆ ಅಥವಾ ಕರಡಿಯಂಥ ಅಪಾಯಕಾರಿ ಪ್ರಾಣಿಯಿದ್ದು, ಅಲ್ಲಿ ನಿಂತು ಹೊಡೆದರೆ ಮೈಗೆ ಗಂಭೀರ ಗಾಯವಾಗುವಂತಿದ್ದರೆ, ನೀವು ದಂಡವಿಲ್ಲದೆ ಸುರಕ್ಷಿತ ಜಾಗಕ್ಕೆ ಸರಿದು ಅಲ್ಲಿಂದ ಆಡಬಹುದು. ಪಾಪಾಸುಕಳ್ಳಿಗೆ ಈ ಗೌರವ ಸಲ್ಲುವುದಿಲ್ಲ. ಮುಳ್ಳು ಚುಚ್ಚಿದರೆ ಅದು ನಿಮ್ಮ ಹಣೆಬರಹ. ಮನುಷ್ಯರು ಮಾಡಿದ ಕಾನೂನುಗಳಲ್ಲಿ ಕರಡಿಗೂ ಕಳ್ಳಿಗೂ ಇಷ್ಟು ಸ್ಪಷ್ಟವಾಗಿ ಭೇದವೆಣಿಸಿದ ಇನ್ನೊಂದು ಕಾನೂನನ್ನು ನಾನು ಕಂಡಿಲ್ಲ.

ಪುಸ್ತಕ ಅಲ್ಲಿಗೇ ನಿಲ್ಲುವುದಿಲ್ಲ. ಪ್ರಾಣಿಗಳ ಮಲವನ್ನು ಅದು ಕಲ್ಲು, ಎಲೆ, ಕಡ್ಡಿಗಳ ಜೊತೆ ಸೇರಿಸಿ, ಆಟಗಾರನು ದಂಡವಿಲ್ಲದೆ ಎತ್ತಿ ಆಚೆ ಹಾಕಬಹುದಾದ ಬಿಡಿವಸ್ತುವೆಂದು ಘೋಷಿಸುತ್ತದೆ. ಅಂದರೆ ಚೆಂಡಿನ ಪಕ್ಕದಲ್ಲಿ ಬುಟ್ಟಿಗಟ್ಟಲೆ ಆನೆಲದ್ದಿ ಬಿದ್ದಿದ್ದರೂ ಅದನ್ನು ಎತ್ತುವ ಹಕ್ಕು ನಿಮಗಿದೆ; ಬಿಳಿಯ ಪ್ಯಾಂಟು, ಒಂದು ಕೈಗೆ ಮಾತ್ರ ಹಾಕಿದ ಬಿಳಿಯ ಗ್ಲೌಸು ಇವುಗಳ ಗತಿ ಏನೆಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಪ್ರಾಣಿ ತೋಡಿದ ಬಿಲದಲ್ಲಿ ಚೆಂಡು ಬಿದ್ದರೂ ವಿನಾಯಿತಿ ಉಂಟು. ಆದರೆ ಪ್ರಾಣಿಯು ಅಜ್ಜನ ಕಾಲದಿಂದ ನಡೆದುಬಂದ ದಾರಿಯ ಮೇಲೆಯೇ ಮೈದಾನ ಕಟ್ಟಿದ್ದರೆ ಏನು ಮಾಡಬೇಕೆಂಬ ಬಗ್ಗೆ ಪುಸ್ತಕ ಮೌನವಾಗಿದೆ. ಗಡಿಗೋಡೆಯ ವಿಚಾರದಲ್ಲಂತೂ ಅದು ಬಹಳ ಕಟ್ಟುನಿಟ್ಟು: ಆಟದ ಎಲ್ಲೆಯನ್ನು ಸೂಚಿಸುವ ಗೋಡೆ, ಬೇಲಿ, ಗೂಟಗಳನ್ನು ಕದಲಿಸಲಾಗದ ವಸ್ತುಗಳೆಂದೇ ಪರಿಗಣಿಸಬೇಕು, ಅವು ಅಡ್ಡ ಬಂದವೆಂದು ಯಾರಿಗೂ ರಿಯಾಯಿತಿ ಕೊಡುವಂತಿಲ್ಲ.

ನುಮಾಲಿಗಢವಿರುವ ಗೋಲಾಘಾಟ್ ಜಿಲ್ಲೆಯ ಆನೆಗಳಿಗೆ ಈ ಕೊನೆಯ ನಿಯಮವನ್ನು ಯಾರೂ ಓದಿ ಹೇಳಿರಲಿಲ್ಲ.

ಕೇಂದ್ರ ಸರ್ಕಾರವೂ ಅಸ್ಸಾಂ ಚಳವಳಿಯ ಮುಖಂಡರೂ 1985ರಲ್ಲಿ ಮಾಡಿಕೊಂಡ ಅಸ್ಸಾಂ ಒಪ್ಪಂದದ ಫಲವಾಗಿ ಬಂದ ನುಮಾಲಿಗಢದ ಸರ್ಕಾರಿ ತೈಲ ಸಂಸ್ಕರಣಾಗಾರವು 1999ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಕಾಜಿರಂಗ ದೂರವಿಲ್ಲ ಎಂಬ ಕಾರಣಕ್ಕೆ ಕೇಂದ್ರ ಪರಿಸರ ಸಚಿವಾಲಯವು 1996ರ ಜುಲೈನಲ್ಲಿಯೇ ಅದರ ಆಸುಪಾಸನ್ನು ಅಭಿವೃದ್ಧಿ ನಿಷಿದ್ಧ ವಲಯವೆಂದು ಅಧಿಸೂಚನೆ ಹೊರಡಿಸಿತ್ತು. ಅಂಥ ವಲಯದಲ್ಲಿ ವಸತಿ ಬಡಾವಣೆಯ ಹೆಸರಿನಲ್ಲಿ 2011ರ ಹೊತ್ತಿಗೆ ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಗೋಡೆಯೊಂದು ಎದ್ದಿತು, ನೆತ್ತಿಯ ಮೇಲೆ ಮುಳ್ಳುತಂತಿಯನ್ನೂ ಧರಿಸಿತು. ಆ ಗೋಡೆಯ ಒಳಗೆ ಸುರಕ್ಷಿತವಾಗಿದ್ದುದರಲ್ಲಿ ಗಾಲ್ಫ್ ಮೈದಾನವೂ ಒಂದು. ಕಚ್ಚಾ ತೈಲ ಸಂಸ್ಕರಿಸುವವರಿಗೆ ಸಂಜೆಯ ಹೊತ್ತು ಒಂದಿಷ್ಟು ಹಸಿರು ಹುಲ್ಲು ಬೇಡವೇ, ಚೆಂಡನ್ನು ಕುಳಿಗೆ ಬೀಳಿಸುವ ನೆಮ್ಮದಿ ಬೇಡವೇ? ಖಂಡಿತ ಬೇಕು. ದೇವಪಹಾರ್ ಕಾಡಿನಿಂದ ಇಳಿದುಬರುವ ಆನೆಗಳಿಗೂ ಅದೇ ಹಸಿರು ಬೇಕಾಗಿತ್ತು ಎಂಬುದೊಂದೇ ಆಡಳಿತಾತ್ಮಕ ತೊಡಕು.

ಅವು ಬಂದವು, ಗೋಡೆಯನ್ನು ಕಂಡವು, ದಾಟಲು ನೋಡಿದವು. 2015ರಲ್ಲಿ ಎಳೆಯ ಗಂಡಾನೆಯೊಂದು ಅಲ್ಲಿ ಸತ್ತಿತು. ಗೋಡೆಯನ್ನು ಕೆಡವಲು ಹೋಗಿ ರಕ್ತಸ್ರಾವವಾಗಿ ಸತ್ತಿತೆಂದು ವರದಿಗಳು ಬಂದವು. ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಇಲ್ಲ. ಗೋಡೆ ಕಟ್ಟುವಾಗ ನಕ್ಷೆಯಿತ್ತು, ಅಧಿಸೂಚನೆಯಿತ್ತು, ಅಲ್ಲಿ ಆನೆಗಳು ಓಡಾಡುತ್ತವೆ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದರು. ಗೊತ್ತಿದ್ದೂ ಸಹಿ ಹಾಕಿದರು. ಸತ್ತ ಮೇಲೂ ವಕೀಲರನ್ನಿಟ್ಟು ವಾದಿಸಿದರು.

ವಾದ ನಡೆದದ್ದು ಹೀಗೆ. 2016ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಆ ಜಾಗ ದೇವಪಹಾರ್ ಪ್ರಸ್ತಾವಿತ ಮೀಸಲು ಅರಣ್ಯದ ಭಾಗವೆಂದು ಹೇಳಿ, ಒಂದು ತಿಂಗಳೊಳಗೆ ಗೋಡೆಯನ್ನು ಕೆಡವಿರಿ ಎಂದಿತು. ಸರ್ಕಾರಿ ಲೆಕ್ಕದಲ್ಲಿ ಒಂದು ತಿಂಗಳೆಂದರೆ ಎಷ್ಟು ಕಾಲವೆಂಬುದು ಪಿಂಚಣಿ ಕಡತದ ಹಿಂದೆ ಅಲೆದವರಿಗೆಲ್ಲ ಗೊತ್ತು. 2018ರ ಮಾರ್ಚ್‌ನಲ್ಲಿ 289 ಮೀಟರ್ ಗೋಡೆ ಬಿದ್ದಿತು. ಎರಡು ಕಿಲೋಮೀಟರಿನಲ್ಲಿ 289 ಮೀಟರ್! ಆನೆಗಳು ಸಾಲಾಗಿ ನಿಂತು, ಕಿಂಡಿ ಎಲ್ಲಿದೆಯೆಂದು ವಿಚಾರಿಸಿಕೊಂಡು, ಒಂದರ ಹಿಂದೊಂದು ಶಿಸ್ತಿನಿಂದ ನುಸುಳಿಕೊಳ್ಳಲಿ ಎಂಬ ಉದಾತ್ತ ಭಾವನೆ ಇದ್ದಿರಬೇಕು. ಉಳಿದ ಗೋಡೆಯನ್ನು ಕಾಪಾಡಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೂ ಹೋದದ್ದಾಯಿತು. 2019ರ ಜನವರಿಯಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಪೀಠವು ಮೇಲ್ಮನವಿಯನ್ನು ವಜಾ ಮಾಡಿ, ಕಾಡಿನ ಮೇಲೆ ಮೊದಲ ಹಕ್ಕು ಆನೆಗಳದ್ದು ಎಂದಿತು. ಆನೆಗಳೇನು ಗೊತ್ತುಪಡಿಸಿದ ದಾರಿಯಲ್ಲಿ ಕಚೇರಿಗೆ ಹೋಗುವುದಿಲ್ಲವಲ್ಲ ಎಂದೂ ಕೇಳಿತು. ಇಷ್ಟು ಸರಳವಾದ ಸಂಗತಿಯನ್ನು ಹೇಳಿಸಿಕೊಳ್ಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

ಕಾಡುಪ್ರಾಣಿಗಳ ನಡುವೆ ಗಾಲ್ಫ್ ಆಡಲೇಬೇಕೆಂಬ ಹಟವಿದ್ದರೆ ಅದಕ್ಕೂ ಒಂದು ಮರ್ಯಾದೆಯ ದಾರಿಯಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದೊಳಗೆ ಸ್ಕುಕುಜಾ ಎಂಬಲ್ಲಿ ಒಂಬತ್ತು ಕುಳಿಗಳ ಮೈದಾನವಿದೆ, ಸುತ್ತಲೂ ಬೇಲಿಯಿಲ್ಲ. ಆಡಲು ಬಂದವರು ತಮ್ಮ ಪ್ರಾಣಕ್ಕೆ ತಾವೇ ಹೊಣೆಯೆಂದು ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಹೋಗಬೇಕು, ನೀರಾನೆ ಅಡ್ಡ ಬಂದರೆ ನಿಂತು ಕಾಯಬೇಕು. ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿಯ ಕಾರ್‌ಬ್ರುಕ್ ಕ್ಲಬ್ಬಿನದು ಇನ್ನೂ ವಿಚಿತ್ರ. 1990ರ ದಶಕದ ನೆರೆಯಲ್ಲಿ ನದಿ ಉಕ್ಕಿ, ಬುಲ್ ಶಾರ್ಕ್‌ಗಳು ಮೈದಾನದ ಕೆರೆಯೊಳಗೆ ಬಂದು ಸೇರಿಕೊಂಡವು, ನೀರಿಳಿದ ಮೇಲೆ ಅಲ್ಲಿಯೇ ಉಳಿದು ವರ್ಷಾನುಗಟ್ಟಲೆ ಬದುಕಿದವು. ಕ್ಲಬ್ಬಿನವರು ಕೆರೆಯನ್ನು ಬರಿದು ಮಾಡಲಿಲ್ಲ; ಶಾರ್ಕನ್ನೇ ತಮ್ಮ ಲಾಂಛನ ಮಾಡಿಕೊಂಡರು. ಕೆರೆಗೆ ಬಿದ್ದ ಚೆಂಡನ್ನು ಹುಡುಕಲು ಇಳಿಯುವವರ ಸಂಖ್ಯೆ ಮಾತ್ರ ತಾನಾಗಿಯೇ ಇಳಿದಿರಬೇಕು. ನಮ್ಮವರ ಕೈಗೆ ಆ ಕೆರೆ ಸಿಕ್ಕಿದ್ದರೆ ಮೊದಲು ಸಮಿತಿ, ಆಮೇಲೆ ಟೆಂಡರು, ಕೊನೆಗೆ ಕೆರೆಗೇ ಕಾಂಕ್ರೀಟು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 2023ರ ಗಣತಿಯಂತೆ 6,395 ಆನೆಗಳಿರುವ ನಮ್ಮ ಕರ್ನಾಟಕದಲ್ಲಿ, ಸಕಲೇಶಪುರದ, ಆಲೂರಿನ, ಕೊಡಗಿನ ಬೆಳೆಗಾರರು ಮತ್ತು ತೋಟದ ಕೂಲಿಯಾಳುಗಳು ಬೆಳಗಿನ ಮಂಜಿನಲ್ಲಿ ಆನೆಯ ಎದುರು ಜೀವ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಅವರು ಕಂದಕ ಕೇಳುತ್ತಾರೆ, ರೈಲು ಹಳಿಯ ಬೇಲಿ ಕೇಳುತ್ತಾರೆ. ಕೇಳಿ ವರ್ಷಗಟ್ಟಲೆ ಕಾಯುತ್ತಾರೆ. ಒಂದು ರಾತ್ರಿಯಲ್ಲಿ ಗದ್ದೆ ಕಳೆದುಕೊಂಡವನ ಸಿಟ್ಟನ್ನು ನಾನು ಅಣಕಿಸಲಾರೆ. ಅವನಿಗೆ ನಾಲ್ಕು ಮಾರು ಬೇಲಿ ಹಾಕಿಸಲು ಅನುದಾನವಿಲ್ಲವೆನ್ನುವ ದೇಶದಲ್ಲಿ, ಚೆಂಡಾಟದ ಹುಲ್ಲನ್ನೂ ಒಳಗಿಟ್ಟುಕೊಂಡು ಕಿಲೋಮೀಟರುಗಟ್ಟಲೆ ಗೋಡೆಯೆಬ್ಬಿಸಲು ಸಿಮೆಂಟು, ತಂತಿ, ಕಬ್ಬಿಣ ಎಲ್ಲವೂ ಸಕಾಲಕ್ಕೆ ಒದಗಿಬರುತ್ತವೆ ಎಂಬುದು ಮಾತ್ರ ಗಂಟಲಿನಲ್ಲಿ ಇಳಿಯುವುದಿಲ್ಲ.

ಗಾಲ್ಫ್ ಕ್ಲಬ್ಬಿನ ಸಮಿತಿಗೆ ಸ್ಥಳೀಯ ನಿಯಮಗಳನ್ನು ಮಾಡಿಕೊಳ್ಳುವ ಅಧಿಕಾರವಿದೆಯಂತೆ. ಹಾಗಾದರೆ ಆನೆಗಳಿಗೂ ಅನ್ವಯಿಸುವಂತೆ 16.2ನ್ನು ಸ್ವಲ್ಪ ತಿದ್ದಿಕೊಳ್ಳಬಹುದು. ದಾರಿಯಲ್ಲಿ ಕೋಲು ಹಿಡಿದ ಮನುಷ್ಯ, ಮುಳ್ಳುತಂತಿ ಅಥವಾ ವಸತಿ ಬಡಾವಣೆಯಂಥ ಅಪಾಯಕಾರಿ ವಸ್ತುವಿದ್ದು, ಮುಂದೆ ಹೋದರೆ ಮೈಗೆ ಗಂಭೀರ ಗಾಯವಾಗುವಂತಿದ್ದರೆ, ಆನೆಯು ದಂಡವಿಲ್ಲದೆ ಸಮೀಪದ ಸುರಕ್ಷಿತ ಜಾಗಕ್ಕೆ ಸರಿಯಬಹುದು. ಅಳತೆಗೆ ಗಾಲ್ಫ್ ಕೋಲಿನ ಬದಲು ಸೊಂಡಿಲನ್ನು ಬಳಸಬಹುದು. ಇನ್ನು ಆ ಸಮೀಪದ ಸುರಕ್ಷಿತ ಜಾಗ ಯಾವುದೆಂಬುದನ್ನು ತೀರ್ಮಾನಿಸಬೇಕು. ಒಂದು ಕಡೆ ಸಂಸ್ಕರಣಾಗಾರ, ಒಂದು ಕಡೆ ಚಹಾ ತೋಟ, ಒಂದು ಕಡೆ ಹೆದ್ದಾರಿ. ಸಮಿತಿಯವರು ನಕ್ಷೆ ಹರಡಿಕೊಂಡು ಕೂತು ಹುಡುಕಿಕೊಡಲಿ, ಅವಸರವಿಲ್ಲ, ಒಂದು ತಿಂಗಳ ಗಡುವು ಸಾಕು.