ಮೊದಲು ಫ್ರೇಮ್, ಫೋರ್ಕ್ ನೋಡಿ

ವೇಗವಾಗಿ ಓಡಿಸುವ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಮೌಂಟನ್ ಸೈಕಲ್) ಬೇಕಿದ್ದರೆ 21 ಅಥವಾ 24 ಗೇರಿನ ಬೈಕನ್ನೇ ಆರಿಸಿ ಎಂದು ಇಂಥ ಸೈಕಲ್ ಕೊಳ್ಳುವ ಬಗ್ಗೆ ಬಂದ ಲೇಖನವೊಂದರಲ್ಲಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮುಂದೆ ಪೆಡಲ್ ಬಳಿ 32 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದಿನ ಚಕ್ರದಲ್ಲಿ 10ರಿಂದ 51 ಹಲ್ಲಿನವರೆಗಿನ 12 ಗೇರುಗಳ ಕ್ಯಾಸೆಟ್ ಇದ್ದರೆ ಬೆಂಗಳೂರಿನ ಹತ್ತಿರದ ಆವಲಹಳ್ಳಿ ಕಾಡಿನ ಏರಿಗೂ ಸಾಕು, ಯಲಹಂಕಕ್ಕೆ ವಾಪಸ್ ಬರುವ ಡಾಂಬರು ರಸ್ತೆಗೂ ಸಾಕು.

ದುಡ್ಡು ಹಾಕಬೇಕಾದ್ದು ಫ್ರೇಮ್ ಮತ್ತು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಶನ್) ಮೇಲೆ. ಗೇರು, ಬ್ರೇಕು, ಟೈರನ್ನು ಆಮೇಲೆ ಬದಲಾಯಿಸಬಹುದು. ಫ್ರೇಮ್ ಹಾಗಲ್ಲ, ಅಲ್ವಾ? ಹೆಡ್‌ಟ್ಯೂಬ್ (ಫೋರ್ಕ್ ಕೂರುವ ಫ್ರೇಮಿನ ಮುಂದಿನ ಕೊಳವೆ) ಟೇಪರ್ಡ್, ಅಂದರೆ ಕೆಳಗೆ ಅಗಲ ಆಗಿದೆಯಾ, ಹಿಂದಿನ ಚಕ್ರಕ್ಕೆ 148 ಮಿ.ಮೀ. ಥ್ರೂ ಆಕ್ಸಲ್ (ಫ್ರೇಮಿನ ಮೂಲಕ ಹಾದುಹೋಗುವ ಅಚ್ಚು) ಇದೆಯಾ ಎಂದು ಅಂಗಡಿಯಲ್ಲೇ ಕೇಳಿ. ಇಲ್ಲದಿದ್ದರೆ ನಾಳೆ ಒಳ್ಳೆಯ ಫೋರ್ಕ್, ಒಳ್ಳೆಯ ವೀಲ್ ಸಿಕ್ಕರೂ ಅದಕ್ಕೆ ಕೂರುವುದು ಕಷ್ಟ.

ಫೋರ್ಕ್ ಏರ್ ಸ್ಪ್ರಿಂಗಿನದೇ ಇರಲಿ. ಟ್ರಾವೆಲ್, ಅಂದರೆ ಫೋರ್ಕ್ ಒಟ್ಟು ಕುಸಿಯಬಲ್ಲ ಉದ್ದ, 100ರಿಂದ 120 ಮಿ.ಮೀ. ಸಾಕು. ಕಾಯಿಲ್ (ಲೋಹದ ಸುರುಳಿ ಸ್ಪ್ರಿಂಗಿನ) ಫೋರ್ಕಿನಲ್ಲಿ 55 ಕೆಜಿಯವರಿಗೂ 85 ಕೆಜಿಯವರಿಗೂ ಸಾಮಾನ್ಯವಾಗಿ ಅದೇ ಸ್ಪ್ರಿಂಗ್. ಏರ್ ಫೋರ್ಕಿಗಾದರೆ ನಿಮ್ಮ ತೂಕ ನೋಡಿಕೊಂಡು ಗಾಳಿ ತುಂಬಬಹುದು. ಬೈಕ್ ಮೇಲೆ ಕೂತಾಗ ಟ್ರಾವೆಲಿನ ಶೇ. 15–20ರಷ್ಟು ಕುಸಿದರೆ ಸರಿಯಾಗಿದೆ ಎಂದರ್ಥ.

ಟೈರ್ ಬಗ್ಗೆ ಲೇಖನದಲ್ಲಿ ಏನೂ ಇಲ್ಲದ್ದು ಬೇಸರ. 29 ಇಂಚಿನ ಚಕ್ರ, 2.25 ಇಂಚು ಅಗಲದ ಟೈರ್, ಟ್ಯೂಬ್‌ಲೆಸ್. ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಇದ್ದರೆ ಜಾಲಿ ಮುಳ್ಳಿನ ತೂತು ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿ ಸ್ವಲ್ಪ ಕಡಿಮೆ ಇಟ್ಟು ಓಡಿಸಬಹುದು, ಕಲ್ಲಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಹಿಂದೆ ಸಸ್ಪೆನ್ಶನ್ ಇಲ್ಲದ ಬೈಕಿಗೆ ಇದೇ ದೊಡ್ಡ ಆಸರೆ.

ಸೈಜ್ ಗೊತ್ತಿಲ್ಲದೆ ಸುಮ್ನೆ ಆನ್‌ಲೈನ್‌ನಲ್ಲಿ ತರಿಸಬೇಡಿ. ಒಮ್ಮೆ ಹತ್ತಿ ಓಡಿಸಿ ನೋಡಿ.